ಇಷ್ಟೊಂದು ಪಂಗಡಗಳಿರುವಾಗ ಕ್ರೈಸ್ತರೆಲ್ಲರೂ ಒಟ್ಟಾಗಿ ನಂಬುವುದು ಏನನ್ನು?

ಪ್ರಶ್ನೆ: ನಮ್ಮ ಊರಿನಲ್ಲೇ ಕ್ಯಾಥೊಲಿಕ್, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಸಿರಿಯನ್, ಪೆಂಟೆಕೋಸ್ಟಲ್ ಎಂದು ನಾಲ್ಕು ಬಗೆಯ ಚರ್ಚುಗಳಿವೆ. ಒಂದರಲ್ಲಿ ಮಾತೆ ಮರಿಯಮ್ಮನ ತೇರು ಹೊರಡುತ್ತದೆ, ಇನ್ನೊಂದರಲ್ಲಿ ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ. ಮೊದಲು ಒಂದೇ ಆಗಿದ್ದ ರೋಮಿನ ಚರ್ಚು ಒಡೆದು ಹೀಗಾಯಿತೇ? ಇವರೆಲ್ಲರಿಗೂ ಸಮಾನವಾದ ನಂಬಿಕೆ ಎಂಬುದೊಂದು ಉಳಿದಿದೆಯೇ?

ಉತ್ತರ: ಈ ಪ್ರಶ್ನೆ ಡಿಸೆಂಬರ್ ಹತ್ತಿರವಾದಾಗ ಒಮ್ಮೆ, ಪಾಸ್ಕ (ಈಸ್ಟರ್) ಹಬ್ಬದ ಹೊತ್ತಿಗೆ ಇನ್ನೊಮ್ಮೆ ತಪ್ಪದೆ ಬರುತ್ತದೆ. ಕೇಳುವವರು ಬದಲಾಗುತ್ತಾರೆ, ಒಕ್ಕಣೆಯೂ ಬದಲಾಗುತ್ತದೆ. ಆದರೆ "ಮೊದಲು ಒಂದೇ ಆಗಿದ್ದ ರೋಮಿನ ಚರ್ಚು" ಎಂಬ ನಡುವಿನ ಮಾತು ಮಾತ್ರ ಬದಲಾಗಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಸಮಾನ ನಂಬಿಕೆಯ ವಿಷಯವನ್ನು ಮೊದಲು ಹೇಳಿ, ಅನಂತರ ಆ ಮಾತಿನ ಬಳಿಗೆ ಬರುತ್ತೇನೆ.

ಸಮಾನವಾದ ನಂಬಿಕೆ ಖಂಡಿತ ಇದೆ. ದೇವರು ಒಬ್ಬನೇ, ಆ ಒಬ್ಬ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವಾಗಿದ್ದಾನೆ. ಮಗನಾದ ಯೇಸುಕ್ರಿಸ್ತನು ಪೂರ್ಣವಾಗಿ ದೇವರೂ ಪೂರ್ಣವಾಗಿ ಮನುಷ್ಯನೂ ಹೌದು. ಆತನು ಪೊಂತಿಯ ಪಿಲಾತನ ಆಡಳಿತದಲ್ಲಿ ಶಿಲುಬೆಗೇರಿಸಲ್ಪಟ್ಟು ಸತ್ತು, ಮೂರನೆಯ ದಿನ ಎದ್ದನು. ಮತ್ತೆ ಬಂದು ತೀರ್ಪು ಕೊಡುವನು. ಇದರ ತಿರುಳನ್ನು ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯ ನಿಸೇಯದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯು ವಿಶ್ವಾಸಪ್ರಮಾಣವಾಗಿ ಬರೆದಿಟ್ಟಿತು, 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ವಿಸ್ತರಿಸಿತು. ಇಂದು ರೋಮಿನ ಕ್ಯಾಥೊಲಿಕರು, ಗ್ರೀಸಿನ ಆರ್ಥೊಡಾಕ್ಸರು, ಈಜಿಪ್ಟಿನ ಕಾಪ್ಟರು, ಇಥಿಯೋಪಿಯಾದ ಹಳ್ಳಿಗರು, ಇರಾಕಿನ ಅಸ್ಸೀರಿಯನ್ನರು, ಲೂಥರನ್ನರು, ಆಂಗ್ಲಿಕನ್ನರು, ನಮ್ಮ ಸಿ.ಎಸ್.ಐ.ನವರು, ಎಲ್ಲರೂ ಒಪ್ಪುವುದು ಇದನ್ನೇ. ಪೆಂಟೆಕೋಸ್ಟಲ್ ಸಭೆಗಳಲ್ಲಿ ಈ ಪಠ್ಯವನ್ನು ಪಠಿಸುವ ರೂಢಿ ಕಡಿಮೆ, ಆದರೆ ಬಹುಪಾಲು ಸಭೆಗಳ ಬೋಧನೆಯಲ್ಲಿ ಇದೇ ವಿಷಯವಿದೆ. ಇದರ ಜೊತೆಗೆ ನಾಲ್ಕು ಸುವಾರ್ತೆಗಳು, ನೀರಿನ ಸ್ನಾನದೀಕ್ಷೆ, ರೊಟ್ಟಿ ಮತ್ತು ದ್ರಾಕ್ಷಾರಸದ ಆಚರಣೆ ಇವೆ. ಕೊನೆಯದನ್ನು ಒಬ್ಬರು ಪರಮಪ್ರಸಾದವೆಂದು ಸ್ವೀಕರಿಸುತ್ತಾರೆ, ಇನ್ನೊಬ್ಬರು ಕರ್ತನ ಭೋಜನವೆಂದು ಸ್ಮರಿಸುತ್ತಾರೆ. ಆ ವ್ಯತ್ಯಾಸದ ಹಿಂದೆ ಶತಮಾನಗಳ ಜಗಳವಿದೆ, ಆದರೆ ಎರಡೂ ಕಡೆಯವರು ನೆನೆಯುವುದು ಅದೇ ಕೊನೆಯ ರಾತ್ರಿಯ ಊಟವನ್ನು. ಅಪವಾದಗಳೂ ಇವೆ: ಯೆಹೋವನ ಸಾಕ್ಷಿಗಳು ತ್ರಿತ್ವವನ್ನು ಒಪ್ಪುವುದಿಲ್ಲ, ಸಾಲ್ವೇಶನ್ ಆರ್ಮಿಯವರಲ್ಲಿ ಸ್ನಾನದೀಕ್ಷೆಯ ವಿಧಿಯೇ ಇಲ್ಲ.

ಇನ್ನು ಆ ಹಟಮಾರಿ ಮಾತು. ಅದು ಎಲ್ಲಿಂದ ಬರುತ್ತದೆಂದು ಊಹಿಸುವುದು ಕಷ್ಟವಲ್ಲ. ಶಾಲೆಯ ಇತಿಹಾಸದ ಪಾಠದಲ್ಲಿ 1517, ಜರ್ಮನಿಯ ವಿಟೆನ್‌ಬರ್ಗ್, ರೋಮಿನ ವಿರುದ್ಧ ನಿಂತ ಮಾರ್ಟಿನ್ ಲೂಥರ್ ಎಂಬ ಮೂರು ಸಂಗತಿಗಳು ಒಟ್ಟಿಗೆ ಬರುತ್ತವೆ; ಅದಕ್ಕೆ ಹಿಂದಿನ ಒಂದೂವರೆ ಸಾವಿರ ವರ್ಷಗಳ ಜಾಗದಲ್ಲಿ ವಿದ್ಯಾರ್ಥಿ ತಾನೇ ಒಂದು ಪೋಪರ ಚಿತ್ರವನ್ನು ಅಂಟಿಸಿಕೊಳ್ಳುತ್ತಾನೆ. ಕರ್ನಾಟಕದ ಕರಾವಳಿಯ ಅನುಭವವೂ ಇದಕ್ಕೆ ಪುಷ್ಟಿ ಕೊಡುತ್ತದೆ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಪೂರ್ವಿಕರು ಪೋರ್ಚುಗೀಸರ ಆಳ್ವಿಕೆಯ ಗೋವೆಯಲ್ಲಿ ಕ್ರೈಸ್ತರಾದವರು. ಬಾಸೆಲ್ ಮಿಷನ್ 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದದ್ದು. ಕಣ್ಣೆದುರಿನ ಎರಡೂ ಉದಾಹರಣೆಗಳು ಯುರೋಪಿನ ಹಡಗಿನಿಂದ ಇಳಿದಿರುವಾಗ, ಇಡೀ ಧರ್ಮವೇ ಅದೇ ಹಡಗಿನಲ್ಲಿ ಬಂತೆಂದು ಓದುಗರು ತೀರ್ಮಾನಿಸಿದರೆ ಅವರನ್ನು ಪೂರ್ತಿಯಾಗಿ ದೂರುವಂತಿಲ್ಲ. ಆದರೆ ಹೇಳಿದ ಮೇಲೂ ಮತ್ತೆ ಅದನ್ನೇ ಕೇಳಿದರೆ ಸ್ವಲ್ಪ ದೂರಬಹುದು.

ಲೂಥರನು ಒಡೆದನೆಂದು ಹೇಳುವ ಚರ್ಚು ಪಶ್ಚಿಮ ಯುರೋಪಿನ ಲ್ಯಾಟಿನ್ ಚರ್ಚು ಮಾತ್ರ. ಅವನು ಹುಟ್ಟುವುದಕ್ಕೆ ಸಾವಿರ ವರ್ಷ ಮೊದಲೇ ಕ್ರೈಸ್ತ ಲೋಕದಲ್ಲಿ ದೊಡ್ಡ ಕವಲುಗಳು ಬೇರೆಯಾಗಿದ್ದವು, ಮತ್ತು ಅವುಗಳಲ್ಲಿ ಯಾವುದೂ ರೋಮಿನ ಕಾಂಡದಿಂದ ಸೀಳಿ ಹೊರಟದ್ದಲ್ಲ. ಯೇಸು ಮತ್ತು ಆತನ ಶಿಷ್ಯರು ಪಶ್ಚಿಮ ಏಷ್ಯಾದವರು. ಅಂತಿಯೋಕ್ಯ, ಅಲೆಕ್ಸಾಂಡ್ರಿಯ, ಎಡೆಸ್ಸ ಎಂಬ ಪೂರ್ವದ ನಗರಗಳಲ್ಲಿ ಸಭೆಗಳು ಬೆಳೆಯುತ್ತಿದ್ದ ಕಾಲದಲ್ಲಿ ರೋಮಿನ ಕ್ರೈಸ್ತರೇ ಗ್ರೀಕಿನಲ್ಲಿ ಪ್ರಾರ್ಥಿಸುತ್ತಿದ್ದರು. ಲ್ಯಾಟಿನ್ ಧರ್ಮಶಾಸ್ತ್ರಕ್ಕೆ ಮೊದಲ ರೂಪ ಕೊಟ್ಟ ತೆರ್ತುಲಿಯನ್ ಉತ್ತರ ಆಫ್ರಿಕದ ಕಾರ್ಥೇಜಿನವನು, ಆ ಪರಂಪರೆಯ ಅತಿದೊಡ್ಡ ಚಿಂತಕನಾದ ಆಗಸ್ಟೀನ್ ಇಂದಿನ ಅಲ್ಜೀರಿಯದವನು. ಸನ್ಯಾಸಿ ಮಠಗಳ ಜೀವನ ಆರಂಭವಾದದ್ದು ಈಜಿಪ್ಟಿನ ಮರುಭೂಮಿಯಲ್ಲಿ. ಯುರೋಪಿನದೆಂದು ನಾವು ಭಾವಿಸುವ ಅನೇಕ ಸಂಗತಿಗಳನ್ನು ಯುರೋಪು ಆಫ್ರಿಕದಿಂದ ಕಲಿಯಿತು.

ಕಾಲಾನುಕ್ರಮವನ್ನು ನೋಡಿದರೆ ಈ ಕಲ್ಪನೆಗೆ ನಿಲ್ಲಲು ನೆಲವೇ ಇಲ್ಲ. ಅರ್ಮೇನಿಯ ದೇಶ 4ನೆಯ ಶತಮಾನದ ಆರಂಭದಲ್ಲೇ ಕ್ರೈಸ್ತ ರಾಜ್ಯವಾಯಿತು. ಅದೇ ಶತಮಾನದಲ್ಲಿ ಇಥಿಯೋಪಿಯಾದ ಅಕ್ಸುಮ್ ರಾಜ್ಯದ ದೊರೆ ಎಜಾನಾ ಕ್ರೈಸ್ತನಾದನು. ಅವನ ನಾಣ್ಯಗಳೇ ಅದಕ್ಕೆ ಸಾಕ್ಷಿ, ಏಕೆಂದರೆ ಮೊದಲಿನ ನಾಣ್ಯಗಳ ಮೇಲಿದ್ದ ಚಂದ್ರ ಮತ್ತು ಬಿಂಬದ ಗುರುತು ಹೋಗಿ, ಅನಂತರದವುಗಳಲ್ಲಿ ಶಿಲುಬೆ ಕಾಣಿಸಿಕೊಳ್ಳುತ್ತದೆ. ಯುರೋಪಿನ ಲಿಥುವೇನಿಯ ಅಧಿಕೃತವಾಗಿ ಕ್ರೈಸ್ತವಾದದ್ದು 1387ರಲ್ಲಿ, ಎಂದರೆ ಅಕ್ಸುಮ್ ಕ್ರೈಸ್ತವಾಗಿ ಸಾವಿರ ವರ್ಷ ಕಳೆದ ಮೇಲೆ. ಚೀನಾದ ಷಿಆನ್ ನಗರದಲ್ಲಿ 781ರ ಒಂದು ಕಲ್ಲಿನ ಶಾಸನವಿದೆ. ಅದರ ನೆತ್ತಿಯಲ್ಲಿ ಕಮಲದ ಮೇಲೆ ನಿಂತ ಶಿಲುಬೆ, ಕೆಳಗೆ ಚೀನೀ ಬರಹ, ಜೊತೆಗೆ ಪಶ್ಚಿಮ ಏಷ್ಯಾದ ಹಳೆಯ ಸಿರಿಯಾಕ್ ಲಿಪಿಯಲ್ಲಿ ಪಾದ್ರಿಗಳ ಹೆಸರುಗಳು. ಅಲೋಪೆನ್ ಎಂಬ ಧರ್ಮಗುರು 635ರಲ್ಲಿ ತಾಂಗ್ ಚಕ್ರವರ್ತಿಯ ರಾಜಧಾನಿಗೆ ಬಂದುದನ್ನು ಆ ಶಾಸನ ಹೇಳುತ್ತದೆ. ಅವನನ್ನು ಕಳಿಸಿದ್ದು ರೋಮ್ ಅಲ್ಲ. ಪರ್ಷಿಯದಲ್ಲಿ ನೆಲೆಸಿದ್ದ ಪೂರ್ವದ ಸಭೆ.

ಅದೇ ಪೂರ್ವದ ಸಭೆಯ ಸಂಬಂಧ ಕೇರಳಕ್ಕೂ ಇತ್ತು. ಸಂತ ತೋಮರು ಕ್ರಿ.ಶ. 52ರಲ್ಲಿ ಮಲಬಾರಿಗೆ ಬಂದರೆಂಬುದು ಅಲ್ಲಿನ ಕ್ರೈಸ್ತರ ಪರಂಪರೆಯ ನಂಬಿಕೆ. ಅದನ್ನು ನಂಬಿಕೆಯಾಗಿಯೇ ಇಡೋಣ. ದಾಖಲೆಯೇ ಬೇಕೆನ್ನುವವರಿಗೆ 849ರ ಕೊಲ್ಲಂ ತಾಮ್ರಪಟಗಳಿವೆ. ವೇಣಾಡನ್ನು ಆಳುತ್ತಿದ್ದ ಅಯ್ಯನ್ ಅಡಿಗಳು, ಮಾರ್ ಸಾಪೀರ್ ಈಶೋ ಎಂಬವರು ಕಟ್ಟಿಸಿದ ತರಿಸಾಪ್ಪಳ್ಳಿ ಚರ್ಚಿಗೆ ಭೂಮಿಯನ್ನೂ ಹಕ್ಕುಗಳನ್ನೂ ಕೊಟ್ಟದ್ದು ಅದರಲ್ಲಿದೆ. ಸಾಕ್ಷಿಗಳ ರುಜುಗಳನ್ನು ನೋಡಬೇಕು: ಕೆಲವರು ಅರಬಿಯಲ್ಲಿ, ಕೆಲವರು ಪರ್ಷಿಯದ ಹಳೆಯ ಲಿಪಿಯಾದ ಪಹ್ಲವಿಯಲ್ಲಿ, ಇನ್ನು ಕೆಲವರು ಹೀಬ್ರೂ ಅಕ್ಷರಗಳಲ್ಲಿ ಪರ್ಷಿಯನ್ ಭಾಷೆಯನ್ನು ಬರೆದು ಸಹಿ ಹಾಕಿದ್ದಾರೆ. ಒಂದು ಚರ್ಚಿನ ದತ್ತಿಗೆ ಮುಸ್ಲಿಮರು, ಪಾರಸಿಕರು, ಯೆಹೂದ್ಯರು ಸಾಕ್ಷಿ ನಿಂತ ಆ ಬಂದರಿನಲ್ಲಿ ಯುರೋಪಿನವನ ಒಂದು ರುಜುವೂ ಇಲ್ಲ. ರಷ್ಯನ್ನರು ತಮ್ಮ ಧರ್ಮದ ಆರಂಭವೆಂದು ಎಣಿಸುವ ಕೀವ್‌ನ ದೊರೆ ವ್ಲಾದಿಮಿರನ ಸ್ನಾನದೀಕ್ಷೆ ನಡೆಯಲು ಆಗ ಇನ್ನೂ 139 ವರ್ಷಗಳಿದ್ದವು.

ಪೋರ್ಚುಗೀಸರು 1498ರಲ್ಲಿ ಬಂದ ಮೇಲೆ ಮಲಬಾರಿನಲ್ಲಿ ಕಂಡದ್ದು ಸಿರಿಯಾಕ್ ಭಾಷೆಯಲ್ಲಿ ಪೂಜೆ ನಡೆಸುತ್ತಿದ್ದ ಕ್ರೈಸ್ತರನ್ನು. 1599ರ ಉದಯಂಪೇರೂರ್ ಸಭೆಯಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಅವರನ್ನು ಲ್ಯಾಟಿನ್ ಪದ್ಧತಿಗೆ ಎಳೆಯಲು ಯತ್ನಿಸಿದರು. 1653ರಲ್ಲಿ ಮಟ್ಟಾಂಚೇರಿಯ ಶಿಲುಬೆಯ ಮುಂದೆ ಸೇರಿದ ಜನ ಇನ್ನು ಜೆಸ್ವಿಟ್ ಸಂಘದ ಕ್ಯಾಥೊಲಿಕ್ ಪಾದ್ರಿಗಳಿಗೆ ವಿಧೇಯರಾಗುವುದಿಲ್ಲವೆಂದು ಪ್ರಮಾಣ ಮಾಡಿದರು. ಅನಂತರ ಒಂದು ಭಾಗ ರೋಮಿನೊಂದಿಗೆ ಉಳಿಯಿತು, ಇನ್ನೊಂದು ಭಾಗ ಅಂತಿಯೋಕ್ಯದ ಸಿರಿಯನ್ ಚರ್ಚಿನ ಕಡೆ ತಿರುಗಿತು. ಪ್ರಶ್ನೆ ಕೇಳಿದವರ ಊರಿನ "ಸಿರಿಯನ್" ಚರ್ಚಿನ ಹಿಂದೆ ಇರುವ ಕಥೆ ಇದು. ರೋಮಿನಿಂದ ಒಡೆದು ಹೊರಬಂದವರೆಂದು ಇವರನ್ನು ಕರೆದರೆ, ರೋಮನ್ನು ಕಾಣುವ ಮೊದಲೇ ಇದ್ದವರು ಹೇಗೆ ಒಡೆದರೆಂದು ವಿವರಿಸುವ ಹೊಣೆ ಕರೆದವರದು.

ಹಾಗಾದರೆ ಆ ಹಳೆಯ ಕವಲುಗಳು ಬೇರೆಯಾದದ್ದು ಏಕೆ? ಯೇಸು ದೇವರೂ ಮನುಷ್ಯನೂ ಹೌದೆಂಬುದನ್ನು ಎಲ್ಲರೂ ಒಪ್ಪಿದರು. ಆ ಎರಡೂ ಒಬ್ಬನಲ್ಲಿ ಹೇಗೆ ಸೇರಿವೆ ಎಂಬುದನ್ನು ಹೇಳುವ ರೀತಿಯಲ್ಲಿ ಜಗಳ ಬಂತು. 431ರ ಎಫೆಸ ಮಹಾಸಭೆಯ ತೀರ್ಮಾನವನ್ನು ಪರ್ಷಿಯದ ಪೂರ್ವದ ಸಭೆ ಒಪ್ಪಲಿಲ್ಲ. 451ರ ಕಾಲ್ಸೆಡನ್ ಮಹಾಸಭೆಯ ತೀರ್ಮಾನವನ್ನು ಕಾಪ್ಟರು, ಅರ್ಮೇನಿಯರು, ಸಿರಿಯನ್ನರು, ಇಥಿಯೋಪಿಯರು ಒಪ್ಪಲಿಲ್ಲ. ಸಾಮ್ರಾಜ್ಯಗಳ ಗಡಿ, ನಗರಗಳ ಪೈಪೋಟಿ, ಭಾಷೆಗಳ ಅಂತರ ಇವೆಲ್ಲವೂ ಅದರಲ್ಲಿ ಬೆರೆತಿದ್ದವು. ಪೋಪ್ ಆರನೆಯ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೆಯ ಶೆನೂದಾ 1973ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಪೂರ್ವದ ಸಭೆಯ ಮಾರ್ ದಿನ್ಖಾ 1994ರಲ್ಲಿ ಸಹಿ ಹಾಕಿದ ಹೇಳಿಕೆಗಳು, ಯೇಸುವಿನ ವಿಷಯದಲ್ಲಿ ತಮ್ಮ ನಂಬಿಕೆ ಒಂದೇ ಎಂದು ಒಪ್ಪಿಕೊಂಡವು. ಗ್ರೀಕ್ ಮತ್ತು ಲ್ಯಾಟಿನ್ ಚರ್ಚುಗಳ ನಡುವೆ 1054ರಲ್ಲಿ ನಡೆದ ಪರಸ್ಪರ ಬಹಿಷ್ಕಾರವನ್ನು 1965ರಲ್ಲಿ ಹಿಂತೆಗೆದುಕೊಂಡರು, ಆದರೆ ಪವಿತ್ರಾತ್ಮನು ತಂದೆಯಿಂದ ಮಾತ್ರ ಹೊರಡುವನೋ, ಮಗನಿಂದಲೂ ಹೊರಡುವನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ರೋಮಿನ ಅಧೀನದಲ್ಲಿರುವವರೇ ಒಂದೇ ಬಗೆಯವರಲ್ಲ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಮಂಗಳೂರಿನ ಲ್ಯಾಟಿನ್ ಧರ್ಮಪ್ರಾಂತ್ಯ, 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯ, 2010ರಲ್ಲಿ ಸ್ಥಾಪನೆಯಾದ ಪುತ್ತೂರಿನ ಸಿರೋ ಮಲಂಕರ ಧರ್ಮಪ್ರಾಂತ್ಯ ಎಂದು ಮೂರು ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳಿವೆ. ಮೂವರು ಬಿಷಪ್ಪರಿಗೂ ಪೋಪರು ಒಬ್ಬರೇ, ಪೂಜಾವಿಧಿ ಮಾತ್ರ ಮೂರು. ಲೋಕದಲ್ಲಿ 45,000 ಕ್ರೈಸ್ತ ಪಂಗಡಗಳಿವೆ ಎಂದು ಹರಿದಾಡುವ ಅಂಕಿಯನ್ನೂ ಇದೇ ಎಚ್ಚರದಿಂದ ಓದಬೇಕು. ಆ ಲೆಕ್ಕ ದೇಶದೇಶಕ್ಕೂ ಬೇರೆಯಾಗಿ ಎಣಿಸುವುದರಿಂದ ಒಂದೇ ಚರ್ಚು ಹಲವು ದೇಶಗಳಲ್ಲಿ ಹಲವು ಸಲ ಲೆಕ್ಕಕ್ಕೆ ಬರುತ್ತದೆ. ಒಡೆಯುವುದೊಂದೇ ಇವರ ಇತಿಹಾಸ ಎನ್ನುವವರು 1947ರ ಸೆಪ್ಟೆಂಬರ್ 27ನ್ನು ನೆನಪಿಟ್ಟುಕೊಳ್ಳಬಹುದು. ಅಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಒಂದಾಗಿ ಸಿ.ಎಸ್.ಐ. ಹುಟ್ಟಿತು.

ಪೆಂಟೆಕೋಸ್ಟಲ್ ಸಭೆಗಳು ಅಮೆರಿಕದ ಸರಕು ಎಂಬ ಮಾತೂ ಅರ್ಧವೇ ನಿಜ. ಲಾಸ್ ಏಂಜಲೀಸಿನ ಅಜೂಸ ಬೀದಿಯಲ್ಲಿ ಕಪ್ಪು ಜನಾಂಗದ ಬೋಧಕ ವಿಲಿಯಂ ಸೀಮೋರ್ 1906ರಲ್ಲಿ ನಡೆಸಿದ ಪ್ರಾರ್ಥನಾಕೂಟಗಳು ಪ್ರಸಿದ್ಧ. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಸಮೀಪದ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ಅಂತಹುದೇ ಜಾಗೃತಿ ಕಾಣಿಸಿಕೊಂಡಿತ್ತು. ಅದನ್ನು ನಡೆಸುತ್ತಿದ್ದ ಪಂಡಿತಾ ರಮಾಬಾಯಿ ಕಾರ್ಕಳ ಬಳಿಯ ಮಾಳ ಮೂಲದ ಕುಟುಂಬದ ಮಗಳು. ಇಂದು ಲೋಕದ ಸುಮಾರು 230 ಕೋಟಿ ಕ್ರೈಸ್ತರಲ್ಲಿ ಯುರೋಪಿನವರಿಗಿಂತ ಸಹಾರಾದ ದಕ್ಷಿಣದ ಆಫ್ರಿಕನ್ನರೇ ಹೆಚ್ಚು. ಇಥಿಯೋಪಿಯಾದ ಚರ್ಚಿನಲ್ಲಿ ಪಾದರಕ್ಷೆ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ, ಡೋಲು ಬಾರಿಸಿ ಪಾದ್ರಿಗಳು ಕುಣಿಯುತ್ತಾರೆ, ಬುಧವಾರ ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಅವರ ಬೈಬಲಿನಲ್ಲಿ 81 ಪುಸ್ತಕಗಳಿವೆ, ಕ್ಯಾಥೊಲಿಕರದರಲ್ಲಿ 73, ಪ್ರಾಟೆಸ್ಟಂಟರದರಲ್ಲಿ 66.

ನೀವು ಕೇಳದಿದ್ದರೂ, ನಿಸೇಯದ ಹೆಸರು ಬಂದ ಮೇಲೆ ಇನ್ನೊಂದು ವಿಷಯ ಹೇಳದೆ ಬಿಡಲಾಗದು: ಇಷ್ಟೆಲ್ಲ ಒಪ್ಪಿದವರು ಹಬ್ಬವನ್ನು ಮಾತ್ರ ಬೇರೆ ಬೇರೆ ದಿನ ಆಚರಿಸುವುದೇಕೆ? ಪಾಸ್ಕ ಹಬ್ಬವನ್ನು ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ನಿಸೇಯದ ಸಭೆಯೇ ತೀರ್ಮಾನಿಸಿತ್ತು. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಎಂಬುದು ಬಳಕೆಗೆ ಬಂದ ನಿಯಮ. ಚಾಂದ್ರಮಾನ ಯುಗಾದಿ ವರ್ಷವರ್ಷವೂ ತಾರೀಖು ಬದಲಿಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ತೊಡಕು ಬಂದದ್ದು 1582ರಲ್ಲಿ, ಪೋಪ್ ಹದಿಮೂರನೆಯ ಗ್ರೆಗೋರಿ ಪಂಚಾಂಗದಿಂದ ಹತ್ತು ದಿನಗಳನ್ನು ತೆಗೆದುಹಾಕಿದಾಗ. ಪೂರ್ವದ ಆರ್ಥೊಡಾಕ್ಸರಲ್ಲಿ ಬಹುತೇಕರು ಪಾಸ್ಕದ ಲೆಕ್ಕಕ್ಕೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಉಳಿಸಿಕೊಂಡರು; ಅವರ ಮಾರ್ಚ್ 21 ನಮ್ಮ ಏಪ್ರಿಲ್ 3ಕ್ಕೆ ಬರುತ್ತದೆ, ಹುಣ್ಣಿಮೆಯ ಕೋಷ್ಟಕವೂ ಹಳೆಯದೇ. ಹೀಗಾಗಿ 2024ರಲ್ಲಿ ಒಂದು ಕಡೆ ಮಾರ್ಚ್ 31ಕ್ಕೆ, ಇನ್ನೊಂದು ಕಡೆ ಮೇ 5ಕ್ಕೆ ಹಬ್ಬವಾಯಿತು. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೆ ಕೂಡಿಬಂದವು. ಭಾರತದ ಸಿರಿಯನ್ ಸಭೆಗಳು ಗ್ರೆಗೋರಿಯನ್ ತಾರೀಖನ್ನೇ ಅನುಸರಿಸುವುದರಿಂದ ನಮ್ಮಲ್ಲಿ ಈ ಗೊಂದಲ ಕಣ್ಣಿಗೆ ಬೀಳುವುದಿಲ್ಲ.

ರಷ್ಯದ ಆರ್ಥೊಡಾಕ್ಸರು ಜನವರಿ 7ರಂದು ಕ್ರಿಸ್‌ಮಸ್ ಆಚರಿಸುವುದಕ್ಕೂ ಕಾರಣ ಇದೇ. ಅದು ಅವರ ಪಂಚಾಂಗದ ಡಿಸೆಂಬರ್ 25. 2100ನೆಯ ವರ್ಷದ ಫೆಬ್ರವರಿಗೆ ಜೂಲಿಯನ್ ಲೆಕ್ಕದಲ್ಲಿ 29 ದಿನಗಳು, ಗ್ರೆಗೋರಿಯನ್ ಲೆಕ್ಕದಲ್ಲಿ 28. ಆದ್ದರಿಂದ ಪಂಚಾಂಗ ಹೀಗೆಯೇ ಉಳಿದರೆ 2101ರಿಂದ ಅವರ ಕ್ರಿಸ್‌ಮಸ್ ಜನವರಿ 8ಕ್ಕೆ ಬೀಳುತ್ತದೆ, ಆಗ ಈ ಪ್ರಶ್ನೆಗೆ ಉತ್ತರ ಬರೆಯುವವರು ಕನಿಷ್ಠ ತಾರೀಖನ್ನಾದರೂ ತಿದ್ದಿಕೊಳ್ಳಬೇಕಾಗುತ್ತದೆ.