ಊರಿನ ಹೋರಾಟಕ್ಕೆ ಹೊರಗಿನವರು ಯಾಕೆ ಬೇಕು?

ಬಾಗಲಕೋಟೆಯಲ್ಲಿ ಅಂತರ್ಜಲದ ಕೆಲಸ ಮಾಡುವ ನನಗೆ ಆಗಾಗ ಒಂದು ಪ್ರಶ್ನೆ ಬರುತ್ತದೆ. ದೇಶದ ತೈಲ-ಅನಿಲ ನಕ್ಷೆಯನ್ನು ಮೊಬೈಲ್‌ನಲ್ಲಿ ನೋಡಿದ ಹುಡುಗರು ಕೇಳುತ್ತಾರೆ: "ಸರ್, ನಮ್ಮ ಕಲಾದಗಿನೂ ಅದರಾಗ ಐತಲ್ರಿ. ನಾಳೆ ಇಲ್ಲೂ ಫ್ರ್ಯಾಕಿಂಗ್ ಬರ್ತದೇನ್ರಿ?"

ಫ್ರ್ಯಾಕಿಂಗ್ ಅಂದರೆ ನೆಲದಾಳದ ಕಲ್ಲನ್ನು ನೀರಿನ ಒತ್ತಡದಿಂದ ಒಡೆದು ಅನಿಲ ತೆಗೆಯುವುದು. ನಕ್ಷೆಯಲ್ಲಿ ಕಲಾದಗಿ ಇರುವುದು ನಿಜ. ಸರ್ಕಾರ ಗುರುತಿಸಿದ 26 ಜಲಜಶಿಲೆಯ (ನೀರಿನಡಿ ಪದರ ಪದರವಾಗಿ ಆದ ಕಲ್ಲಿನ) ಪ್ರದೇಶಗಳಲ್ಲಿ 'ಭೀಮಾ-ಕಲಾದಗಿ' ಕೂಡ ಒಂದು. ಆದರೆ ಅದು ಮೂರನೇ ದರ್ಜೆಯದು. ಅಂದರೆ ಅನಿಲ ಸಿಕ್ಕಿದೆ ಅಂತಲ್ಲ, ಹುಡುಕಿದರೆ ಸಿಕ್ಕೀತೇನೋ ಎಂಬ ಅಂದಾಜು ಅಷ್ಟೇ. ಬಾಗಲಕೋಟೆ, ಲೋಕಾಪುರ, ಮುಧೋಳ ಕಡೆಯ ಸುಣ್ಣಕಲ್ಲು ಇದೇ ಗುಂಪಿನದು. ಅದರ ಜೊತೆಗೇ ಪದರ ಪದರವಾಗಿ ಬಿಡುವ ಶೇಲ್ ಕಲ್ಲೂ ಇದೆ. ಬಹಳ ಹಳೆಯ ಕಲ್ಲು, ಬಹುಪಾಲು ನೂರು ಕೋಟಿ ವರ್ಷಕ್ಕಿಂತ ಹಿಂದಿನದು. ಇವತ್ತು ಇಲ್ಲಿ ಯಾರೂ ಫ್ರ್ಯಾಕಿಂಗ್ ಮಾಡುತ್ತಿಲ್ಲ. ಸುಮ್ನೆ ಹೆದರಬೇಕಾಗಿಲ್ಲ.

ಹುಡುಗರ ಎರಡನೇ ಪ್ರಶ್ನೆ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ. "ಬಂದ್ರ ನಮ್ಮ ಜೋಡಿ ಯಾರ್ ನಿಲ್ತಾರ್ರಿ?" ಇದು ಅನಿಲದ ಬಾವಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸುಣ್ಣಕಲ್ಲಿನ ಗಣಿ, ಡಿಸ್ಟಿಲರಿ, ಕಲ್ಲು ಕ್ವಾರಿ ಯಾವುದು ಬಂದರೂ ಊರವರು ಮೊದಲು ಕೇಳುವುದು ಇದನ್ನೇ. ಫ್ರ್ಯಾಕಿಂಗ್ ವಿರುದ್ಧ ನಡೆದ ಹೋರಾಟಗಳಲ್ಲಿ ಇದಕ್ಕೆ ಒಳ್ಳೆಯ ಉತ್ತರಗಳಿವೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳೋಣ. ನಮ್ಮ ಕಡೆ ನೀರು ಕಡಿಮೆಯಾದ ಬೋರ್‌ವೆಲ್‌ಗೆ ಜೋರು ಒತ್ತಡದಲ್ಲಿ ನೀರು ಬಿಟ್ಟು ಬಿರುಕು ತೆರೆಯಿಸುವುದನ್ನು ಕೆಲವರು ನೋಡಿರಬಹುದು. ಅದನ್ನು ಹೈಡ್ರೋಫ್ರ್ಯಾಕ್ಚರಿಂಗ್ ಅನ್ನುತ್ತಾರೆ. ಅದರಲ್ಲಿ ಬರೀ ನೀರು, ಅದೂ ಸ್ವಲ್ಪ. ಅನಿಲಕ್ಕಾಗಿ ಮಾಡುವುದು ಬೇರೆಯೇ ಅಳತೆಯ ಕೆಲಸ. ಎರಡು-ಮೂರು ಕಿಲೋಮೀಟರ್ ಕೆಳಗೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ, ನೀರು, ಮರಳು, ರಾಸಾಯನಿಕ ಸೇರಿಸಿ ಶೇಲ್ ಕಲ್ಲನ್ನು ಒಡೆಯುತ್ತಾರೆ. ಒಂದು ಬಾವಿಗೆ ಒಂದು ಕೋಟಿ ಲೀಟರ್ ನೀರು ಅಂದರೆ ದೊಡ್ಡ ಲೆಕ್ಕವೇನಲ್ಲ, ಅದರ ಹಲವು ಪಟ್ಟು ಬೇಕಾಗುವ ಬಾವಿಗಳೂ ಇವೆ. ಬೇಸಿಗೆಯಲ್ಲಿ ಇಂಡಿ, ಸಿಂದಗಿ ಕಡೆ ಓಡಾಡುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು ಒಂದು ಸಾವಿರ ಬೇಕು. ರಾಸಾಯನಿಕ ಶೇಕಡಾ ಒಂದೆರಡು ಮಾತ್ರ ಎಂದು ಕಂಪನಿಗಳು ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಕೋಟಿ ಲೀಟರಿಗೆ ಶೇಕಡಾ ಒಂದು ಅಂದರೆ ಒಂದು ಲಕ್ಷ ಲೀಟರ್. ಜೊತೆಗೆ ಆಳದಿಂದ ವಾಪಸ್ ಬರುವ ನೀರು ಬಹಳ ಉಪ್ಪು. ಅದನ್ನು ಎಲ್ಲಿ ಹಾಕುತ್ತಾರೆ? ಕೊಳವೆಯ ಸುತ್ತ ಹಾಕಿದ ಸಿಮೆಂಟ್ ಬಿರುಕು ಬಿಟ್ಟರೆ ಅನಿಲ ಮೇಲಿನ ಕುಡಿಯುವ ನೀರಿಗೆ ಸೇರುತ್ತದಾ? ಜಗಳ ಇರುವುದು ಇಲ್ಲೇ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಿಮಾಕ್ ಎಂಬ ಸಣ್ಣ ಊರಿದೆ. 2009ರ ಹೊಸ ವರ್ಷದ ದಿನ ಅಲ್ಲಿ ಒಂದು ಮನೆಯ ನೀರಿನ ಬಾವಿಯೇ ಸ್ಫೋಟಿಸಿತು. ನೀರಿನಲ್ಲಿ ಮೀಥೇನ್, ಅಂದರೆ ಬೆಂಕಿ ಹತ್ತುವ ಅನಿಲ, ಸೇರಿತ್ತು. ಈ ಮೀಥೇನ್ ಮೊದಲಿನಿಂದಲೂ ನೆಲದಲ್ಲಿ ಇತ್ತು ಎಂದು ಅಲ್ಲಿ ಅನಿಲದ ಬಾವಿ ಕೊರೆಯುತ್ತಿದ್ದ ಕಂಪನಿ ವಾದಿಸಿತು. ಅಲ್ಲಿನ ನೆಲದಲ್ಲಿ ಸ್ವಾಭಾವಿಕ ಮೀಥೇನ್ ಇರುವುದೂ ನಿಜ, ಹಾಗಾಗಿ ವಾದ ಸುಲಭವಾಗಿ ಬೀಳಲಿಲ್ಲ. ಕೊರೆಯುವ ಮೊದಲು ಆ ಮನೆಗಳ ನೀರನ್ನು ಯಾರಾದರೂ ಪರೀಕ್ಷೆ ಮಾಡಿಸಿ ಇಟ್ಟಿದ್ದರೆ? ಕಂಪನಿ ಕೋರ್ಟಿನಲ್ಲಿ 'ನಾವು ವಿರೋಧಿಸುವುದಿಲ್ಲ' ಎಂದು ಆರೋಪಕ್ಕೆ ತಲೆಬಾಗಿದ್ದು 2022ರಲ್ಲಿ. ಹದಿಮೂರು ವರ್ಷ!

ನನ್ನ ವೃತ್ತಿಯ ಕಣ್ಣಿಗೆ ಹೊರಗಿನ ಬೆಂಬಲಿಗರು ತರಬಹುದಾದ ಮೊದಲ ಮತ್ತು ದೊಡ್ಡ ಸಹಾಯ ಇದೇ: ಯಂತ್ರ ಬರುವ ಮುಂಚೆ ನೀರಿನ ಪರೀಕ್ಷೆ. ನಮ್ಮ ಜಿಲ್ಲೆಗಳಿಗೆ ಇದು ಇನ್ನೂ ಜಾಸ್ತಿ ಬೇಕು. ಇಲ್ಲಿನ ಹಲವು ಬೋರ್‌ಗಳಲ್ಲಿ ಈಗಾಗಲೇ ಫ್ಲೋರೈಡ್ ಇದೆ, ನೈಟ್ರೇಟ್ ಇದೆ, ಉಪ್ಪಿನಂಶ ಇದೆ. ನಾಳೆ ಏನೇ ಕೆಟ್ಟರೂ "ನಿಮ್ಮ ನೀರು ಮೊದಲೇ ಹಂಗಿತ್ತು" ಅನ್ನಲು ಎಷ್ಟು ಹೊತ್ತು ಬೇಕು? ಸುಮಾರು ಜನ ನೀರನ್ನು ಬಿಸ್ಲೇರಿ ಬಾಟಲಿಯಲ್ಲಿ ತುಂಬಿ ತಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ಅದು ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಮಾನ್ಯತೆ ಇರುವ ಲ್ಯಾಬಿನವರೇ ಬಂದು ಮಾದರಿ ತೆಗೆಯಬೇಕು. ಯಾವ ಬೋರ್, ಯಾವ ತಾರೀಖು, ಎಷ್ಟು ಆಳ, ಬಾಟಲಿ ಸೀಲ್ ಮಾಡಿದ್ದು ಯಾರು, ಎಲ್ಲ ಬರೆದಿರಬೇಕು. ಅನಿಲದ ವಿಷಯವಾದರೆ ಕ್ಲೋರೈಡ್, ಬೇರಿಯಂ, ಸ್ಟ್ರಾಂಷಿಯಂ, ಕರಗಿದ ಮೀಥೇನ್ ಕೂಡ ನೋಡಿಸಬೇಕು. ಮೀಥೇನ್‌ಗೆ ಗಾಳಿಗುಳ್ಳೆ ಇಲ್ಲದಂತೆ ಮುಚ್ಚಿದ ಪುಟ್ಟ ಸೀಸೆ ಬೇಕು, ಅದನ್ನು ತಣ್ಣಗೆ ಇಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಇದಕ್ಕೆ ದುಡ್ಡು ಖರ್ಚಾಗುತ್ತದೆ. ಪಂಚಾಯಿತಿಯ ಕೈಯಲ್ಲಿ ಅಷ್ಟು ಇರುವುದಿಲ್ಲ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಕೆಲಸದಲ್ಲಿರುವ ಊರಿನ ಮಕ್ಕಳು ಸೇರಿ ಇದೊಂದನ್ನು ಮಾಡಿಸಿದರೆ ಸಾಕು. ಟಿ-ಶರ್ಟ್ ಮೇಲೆ ಘೋಷಣೆ ಅಚ್ಚು ಹಾಕಿಸುವುದಕ್ಕಿಂತ ಇದು ಎಷ್ಟೋ ವಾಸಿ.

ತಡ ಮಾಡಬಾರದು ಅನ್ನಲು ಇನ್ನೊಂದು ಕಾರಣವಿದೆ. ಯೋಜನೆಗಳಿಗೆ ಪರಿಸರ ಅನುಮತಿ ಹೇಗೆ ಕೊಡಬೇಕು ಎಂದು ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯನ್ನು 2020ರ ಜನವರಿಯಲ್ಲಿ ತಿದ್ದಿದರು. ತೈಲ, ಅನಿಲ, ಶೇಲ್ ಅನಿಲದ ಶೋಧನೆಗೆ ಮಾತ್ರ ಕೊರೆಯುವ ಬಾವಿಗಳು ಈಗ ಸಾರ್ವಜನಿಕ ಆಲಿಕೆ (ಊರವರ ಅಭಿಪ್ರಾಯ ಕೇಳುವ ಸಭೆ) ಬೇಡದ ವರ್ಗಕ್ಕೆ ಸೇರಿವೆ. ಉತ್ಪಾದನೆ ಶುರು ಮಾಡುವಾಗ ಆಲಿಕೆ ಬೇಕು. ಅಂದರೆ ಎಲ್ಲಾದರೂ ಇಂಥ ಯೋಜನೆ ಬಂದರೆ ಊರವರಿಗೆ ಮೊದಲು ಕಾಣಿಸುವುದು ನೋಟಿಸ್ ಅಲ್ಲ, ರಿಗ್ಗು.

ಕಾನೂನಿನ ಸಹಾಯದ ವಿಷಯಕ್ಕೆ ಬಂದರೆ ನ್ಯೂಯಾರ್ಕ್ ರಾಜ್ಯದ ಡ್ರೈಡನ್ ಊರಿನ ಕಥೆ ನನಗೆ ಬಹಳ ಇಷ್ಟ. ಅನಿಲ ತೆಗೆಯುವುದನ್ನು ನಿಯಂತ್ರಿಸುವ ಅಧಿಕಾರ ಊರಿಗಿಲ್ಲ ಎಂದು ಎಲ್ಲರೂ ನಂಬಿದ್ದರು. ಪಕ್ಕದ ಇಥಾಕಾದ ವಕೀಲೆ ಹೆಲೆನ್ ಸ್ಲಾಟ್ಯೆ ಕಾನೂನನ್ನು ಮತ್ತೆ ಓದಿದರು. ಅನಿಲ ಹೇಗೆ ತೆಗೆಯಬೇಕು ಅಂತ ಊರು ಹೇಳುವ ಹಾಗಿಲ್ಲ, ಆದರೆ ಊರಿನ ಯಾವ ಜಮೀನನ್ನು ಯಾವುದಕ್ಕೆ ಬಳಸಬೇಕು ಅಂತ ಹೇಳಬಹುದಲ್ಲ ಎಂದರು. ಅವರು ಫೀ ತೆಗೆದುಕೊಳ್ಳಲಿಲ್ಲ. ಡ್ರೈಡನ್ ಜನ ಮನೆ ಮನೆ ತಿರುಗಿ ಸಹಿ ಹಾಕಿಸಿ, 2011ರ ಆಗಸ್ಟ್‌ನಲ್ಲಿ ತಮ್ಮ ಊರ ಸಭೆಯಿಂದಲೇ ನಿಷೇಧದ ನಿರ್ಣಯ ಮಾಡಿಸಿದರು. ಕಂಪನಿ ದಾವೆ ಹಾಕಿತು. ಆಗ ಅರ್ಥ್‌ಜಸ್ಟಿಸ್ ಎಂಬ ವಕೀಲರ ಸಂಸ್ಥೆ ಊರಿನ ಪರ ನಿಂತಿತು. 2014ರ ಜೂನ್ 30ರಂದು ರಾಜ್ಯದ ಅತ್ಯುನ್ನತ ಕೋರ್ಟ್ ಊರಿನ ಪರವಾಗಿ ತೀರ್ಪು ಕೊಟ್ಟಿತು. ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಸರ್ಕಾರ ಇಡೀ ರಾಜ್ಯದಲ್ಲಿ ಫ್ರ್ಯಾಕಿಂಗ್ ಬೇಡ ಎಂದು ಘೋಷಿಸಿತು. ಇಲ್ಲಿ ಗಮನಿಸಿ: ಸಹಿ ಊರಿನದು, ನಿರ್ಣಯ ಊರಿನದು. ವಕೀಲರು ಬಂದದ್ದು ಹೊರಗಿನಿಂದ. ವಕೀಲರೇ ಮುಂದೆ ನಿಂತು ಸಹಿ ಅಭಿಯಾನ ಮಾಡಿದ್ದರೆ ಕಂಪನಿಗೆ ಒಂದೇ ದಿನದಲ್ಲಿ ಉತ್ತರ ಸಿಗುತ್ತಿತ್ತು.

ಆ ಉತ್ತರ ಎಲ್ಲ ಕಡೆ ಒಂದೇ. "ಇದು ಹೊರಗಿನವರು ಎಬ್ಬಿಸಿದ ಗದ್ದಲ." ತಮಾಷೆ ಅಂದರೆ ಬಂಡವಾಳ ಮುಂಬೈಯದು, ವರದಿ ಬರೆದವರು ಹೈದರಾಬಾದಿನವರು, ಯಂತ್ರ ಇನ್ನೆಲ್ಲಿಯದೋ, ಅವರ್ಯಾರೂ ಹೊರಗಿನವರಲ್ಲ! 2017ರ ಫೆಬ್ರುವರಿಯಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ನೆಡುವಾಸಲ್‌ನಲ್ಲಿ ಹೈಡ್ರೋಕಾರ್ಬನ್ (ತೈಲ-ಅನಿಲ) ಯೋಜನೆ ವಿರುದ್ಧ ರೈತರು ಕೂತಾಗಲೂ ಇದೇ ಮಾತು ಬಂತು. ಗುತ್ತಿಗೆ ಸಿಕ್ಕಿದ್ದು ನಮ್ಮ ಕರ್ನಾಟಕದ ಕಂಪನಿಗೆ. ಅಲ್ಲಿ ಹೊರಗಿನವರು ನಾವೇ ಆಗಿದ್ದೆವು ನೋಡಿ. ಜಲ್ಲಿಕಟ್ಟು ಹೋರಾಟ ಮುಗಿಸಿ ಬಂದ ಹುಡುಗರು, ಕಾಲೇಜು ವಿದ್ಯಾರ್ಥಿಗಳು ಊರಿಗೆ ಬಂದು ಸೇರಿಕೊಂಡರು. ಸುದ್ದಿ ರಾಜ್ಯದ ತುಂಬ ಹರಡಿತು. ಆದರೆ ತಿಂಗಳುಗಟ್ಟಲೆ ಚಪ್ಪರದಡಿ ಕೂತವರು ಊರಿನ ಹೆಣ್ಣುಮಕ್ಕಳು, ರೈತರು. ಕೊನೆಗೆ 2020ರ ಫೆಬ್ರುವರಿಯಲ್ಲಿ ಕಾವೇರಿ ಮುಖಜ ಪ್ರದೇಶವನ್ನು ಸಂರಕ್ಷಿತ ಕೃಷಿ ವಲಯ ಮಾಡುವ ಕಾಯ್ದೆ ಬಂತು. ಹೊಸ ತೈಲ, ಅನಿಲ, ಶೇಲ್ ಅನಿಲದ ಕೊರೆತ ಅಲ್ಲಿ ನಿಂತಿತು.

ಹೊರಗಿನವರು ಮುಂದೆ ನಿಲ್ಲಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಂದು ಜಾಗ ಇದೆ, ಅಲ್ಲಿ ಅವರೇ ಮುಂದೆ ಇರುವುದು ಒಳ್ಳೆಯದು. ಅದು ಕೇಸು ಬೀಳುವ ಜಾಗ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಪ್ರೆಸ್ಟನ್ ನ್ಯೂ ರೋಡ್ ಎಂಬಲ್ಲಿ ಫ್ರ್ಯಾಕಿಂಗ್‌ಗೆ ಜಿಲ್ಲಾ ಕೌನ್ಸಿಲ್ 2015ರಲ್ಲಿ ಅನುಮತಿ ನಿರಾಕರಿಸಿತು. ಮರುವರ್ಷ ಕೇಂದ್ರದ ಮಂತ್ರಿ ಅದನ್ನು ತಿರುಗಿಸಿದರು. ಊರಿನ ಹೆಂಗಸರು ಹಳದಿ ಸ್ಕಾರ್ಫ್ ಕಟ್ಟಿಕೊಂಡು 'ಅಜ್ಜಿಯರು' ಎಂಬ ಹೆಸರಲ್ಲೇ ಗೇಟಿನ ಮುಂದೆ ನಿಂತರು. ಬುಧವಾರ ಬಿಳಿ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. 2017ರಲ್ಲಿ ಲಾರಿಗಳ ಮೇಲೆ ಹತ್ತಿ ದಿನಗಟ್ಟಲೆ ಕೂತವರು ಮಾತ್ರ ಹೊರಗಿನಿಂದ ಬಂದವರು. ಮೂವರಿಗೆ ಜೈಲಾಯಿತು, ಮೇಲ್ಮನವಿಯಲ್ಲಿ ಬಿಡುಗಡೆಯಾದರು. ಹೊಲ ಬಿತ್ತಬೇಕಾದ, ಎಮ್ಮೆ ಹಿಂಡಬೇಕಾದ ಮನುಷ್ಯ ತಿಂಗಳಿಗೊಮ್ಮೆ ಕೋರ್ಟಿಗೆ ಅಲೆಯಲಾರ. 2014ರ ಜುಲೈನಲ್ಲಿ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ವಿರುದ್ಧ ಪ್ರತಿಭಟನೆ ನಡೆದಾಗ ಗೋಲಿಬಾರ್ ಆಗಿದ್ದು ನಮ್ಮ ಕಡೆಯವರಿಗೆ ನೆನಪಿದೆ. ಗಾಯ, ಕೇಸು, ತಾರೀಖು ಎಲ್ಲ ಊರವರ ಪಾಲಿಗೇ ಬರುತ್ತವೆ. ಭಾಷಣ ಮಾಡಿ ಜನರನ್ನು ರೊಚ್ಚಿಗೆಬ್ಬಿಸಿ ಸಂಜೆ ರೈಲು ಹತ್ತುವ ಬೆಂಬಲಿಗನಿಗಿಂತ ಜಾಮೀನಿಗೆ ಓಡಾಡುವ ವಕೀಲ ಸಾವಿರ ಪಾಲು ಮೇಲು.

ಅಂದಹಾಗೆ ಲ್ಯಾಂಕಾಶೈರ್‌ನಲ್ಲಿ ಕೆಲಸ ನಿಲ್ಲಿಸಿದ್ದು ಬರೀ ಹೋರಾಟವಲ್ಲ. 2019ರ ಆಗಸ್ಟ್ 26ರಂದು ಅಲ್ಲಿ ಫ್ರ್ಯಾಕಿಂಗ್‌ನಿಂದ 2.9 ತೀವ್ರತೆಯ ಭೂಕಂಪ ಆಯಿತು. ನವೆಂಬರ್‌ನಲ್ಲಿ ಸರ್ಕಾರ ತಡೆ ಹಾಕಿತು. ಆದರೆ ಅಲ್ಲಿಯವರೆಗೆ ವಿಷಯ ತಣ್ಣಗಾಗದಂತೆ ನೋಡಿಕೊಂಡವರು ಆ ಗೇಟಿನ ಮುಂದೆ ನಿಂತವರೇ.

ಇಲ್ಲಿ ಹತ್ತಿರದ ಉದಾಹರಣೆ ಬೇಕೆಂದರೆ ಗದಗ ಜಿಲ್ಲೆಯ ಹಳ್ಳಿಗುಡಿ. ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಹೋಗುವುದಿತ್ತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು. 2011ರ ಜುಲೈನಲ್ಲಿ ಯೋಜನೆ ಹಿಂದೆ ಸರಿಯಿತು. ಮಠದ ಸ್ವಾಮೀಜಿ ಬಂದು ಕೂತರೆ ಅಧಿಕಾರಿಗಳು ದನಿ ತಗ್ಗಿಸುತ್ತಾರೆ. ಇದು ಯಾವ ಲ್ಯಾಬೂ ಕೊಡಲಾಗದ ಬಲ.

ಈಗ ನನ್ನ ಕೆಲಸದ ಭಾಗಕ್ಕೆ ಬರುತ್ತೇನೆ. ಅದು ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಕಂಪನಿ ಬರೆಸುವ ವರದಿ ಓದುವುದು. ಆಲಿಕೆಗೆ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಲ್ಲಿ ಸಿಗಬೇಕು. ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ಅಸಲು ಮಾಲು ಇರುವುದು ಇಂಗ್ಲಿಷಿನ ನೂರಾರು ಪುಟದಲ್ಲಿ, ಅದರಲ್ಲೂ ಕೊನೆಯ ಅನುಬಂಧದಲ್ಲಿ. ಓದಿದರೆ ಏನೇನೋ ಸಿಗುತ್ತದೆ. ಘಟ್ಟದಾಚೆ ರತ್ನಾಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯ ಭಾಗಗಳು ಹಾಗೇ ನಕಲಾಗಿ ಬಂದಿದ್ದವು!

ಮುಧೋಳ ಕಡೆಯ ಒಂದು ಸುಣ್ಣಕಲ್ಲು ಗಣಿಯ ಆಲಿಕೆಗೆ ಮೊದಲು ಊರವರು ನನ್ನನ್ನು ಕರೆದರು. "ಸರ್ರ, ನೀವ ವೇದಿಕಿ ಮ್ಯಾಲ ನಿಂತ್ ಇಂಗ್ಲಿಷಿನಾಗ ಹೇಳ್ರಿ, ಅವ್ರಿಗೆ ತಿಳೀಲಿ" ಎಂದರು. ನಾನು ಒಪ್ಪಲಿಲ್ಲ. ಹಿಂದಿನ ದಿನ ಗುಡಿಯ ಪೌಳಿಯಲ್ಲಿ ಕೂತು ವರದಿಯ ನೀರಿನ ಅಧ್ಯಾಯವನ್ನಷ್ಟೇ ಓದಿದೆವು. ನೀರಿನ ಮಟ್ಟ ಅಳೆದದ್ದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮಳೆ ಮುಗಿದ ಕೂಡಲೇ ಯಾವ ಬೋರಿನಲ್ಲಾದರೂ ನೀರು ಮೇಲೆ ಇರುತ್ತದೆ, ಅಲ್ವಾ? ಮಾರನೇ ದಿನ ಕಬ್ಬು ಬೆಳೆಯುವ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ಬ್ಯಾಸಗ್ಯಾಗ ಯಾಕ ಅಳದಿಲ್ರಿ? ನಮ್ಮ ಬೋರ್ ಬತ್ತೋದ್ ಏಪ್ರಿಲ್‌ನಾಗ." ಸಭೆಯಲ್ಲಿ ಯಾರೂ ಅವರನ್ನು ಹೊರಗಿನವರು ಅನ್ನಲಾಗಲಿಲ್ಲ. ಕಂಪನಿಯ ಸಲಹೆಗಾರರು ಬೇಸಿಗೆಯಲ್ಲೂ ಅಳೆಯುತ್ತೇವೆ ಎಂದು ಒಪ್ಪಿಕೊಂಡರು. ನಾನು ಅದೇ ವಿಷಯ ಹೇಳಿದ್ದರೆ ಮೊದಲು ನನ್ನ ಆಧಾರ್ ಕಾರ್ಡ್ ಯಾವ ಊರಿನದು ಅಂತ ಕೇಳುತ್ತಿದ್ದರು.

ಹೊರಗಿನವರಿಗೂ ಕಾನೂನು ಒಂದು ಬಾಗಿಲು ಇಟ್ಟಿದೆ. ಸಭೆಯಲ್ಲಿ ಅಭಿಪ್ರಾಯ ಹೇಳುವುದು ಮುಖ್ಯವಾಗಿ ಸ್ಥಳೀಯ ಬಾಧಿತರ ಹಕ್ಕು. ಉಳಿದ ಆಸಕ್ತರು ಲಿಖಿತವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬಹುದು. ಇಂಜಿನಿಯರ್, ವೈದ್ಯ, ಪ್ರೊಫೆಸರ್ ಯಾರೇ ಆಗಲಿ, ಎರಡು ಪುಟ ಬರೆದು ಕಳಿಸಿದರೆ ಅದು ಕಡತಕ್ಕೆ ಸೇರುತ್ತದೆ. ಮುಂದೆ ಹಸಿರು ನ್ಯಾಯಾಧಿಕರಣಕ್ಕೆ ಹೋಗಬೇಕಾಗಿ ಬಂದರೆ ಕಡತದಲ್ಲಿ ಇದ್ದದ್ದೇ ಕೆಲಸಕ್ಕೆ ಬರುವುದು.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಆಲಿಕೆಯ ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಹಾಕಬೇಕು. ಅಷ್ಟು ಹೊತ್ತಿಗೆ ಮಧ್ಯಾಹ್ನ ಮೂರೂವರೆ ಆಗಿರುತ್ತದೆ. ಶಾಮಿಯಾನದಲ್ಲಿ ಅರ್ಧ ಕುರ್ಚಿ ಖಾಲಿ, ಊರವರು ಊಟಕ್ಕೆ ಹೋಗಿರುತ್ತಾರೆ, ಹೊರಗಿನಿಂದ ಬಂದವರು ಬಸ್ ಹಿಡಿದಿರುತ್ತಾರೆ. ನೀವು ಬೆಂಬಲಕ್ಕೆ ಹೋದವರಾದರೆ ದಯವಿಟ್ಟು ಆಗ ಅಲ್ಲೇ ಕೂತಿರಿ. ಆ ಅಕ್ಕನಂಥವರು ಕೇಳಿದ ಪ್ರಶ್ನೆ ನಡಾವಳಿಯಲ್ಲಿ ಬಂದಿದೆಯಾ ಅಂತ ಅವರ ಜೊತೆ ಕೇಳಿಸಿಕೊಳ್ಳಿ. ಬಂದಿಲ್ಲದಿದ್ದರೆ ಅವರಿಂದಲೇ ಬರೆಸಿ ಕೊಡಿಸಿ, ಮಂಡಳಿಯ ಅಧಿಕಾರಿಯ ಸ್ವೀಕೃತಿ ಸಹಿ ಹಾಕಿಸಿಕೊಂಡು ಒಂದು ಪ್ರತಿಯನ್ನು ಊರಿನಲ್ಲಿ ಇಟ್ಟು ಬನ್ನಿ.