ಅಮಿಗ್ಡಲಾ ಶಸ್ತ್ರಚಿಕಿತ್ಸೆ: ಫಿಟ್ಸ್‌ಗೆ ಮತ್ತು ಸಿಟ್ಟಿಗೆ

ಮಿದುಳಿನೊಳಗಿನ ಅಮಿಗ್ಡಲಾ ಎಂಬ ಪುಟ್ಟ ಭಾಗಕ್ಕೆ ಶಸ್ತ್ರಚಿಕಿತ್ಸೆ ಎರಡು ಕಾರಣಕ್ಕೆ ನಡೆದಿದೆ: ಫಿಟ್ಸ್ ನಿಲ್ಲಿಸಲು, ಸಿಟ್ಟು ಇಳಿಸಲು. ಈ ಎರಡನ್ನೂ ಒಂದೇ ಉತ್ತರದಲ್ಲಿ ಬೆರೆಸಿ ಬರೆಯುವವರೇ ಹೆಚ್ಚು. ಬೇರೆ ಬೇರೆಯಾಗಿ ಓದಿ. ಫಿಟ್ಸ್ ನಿಲ್ಲಿಸಲು ಮಾಡುವ ಶಸ್ತ್ರಚಿಕಿತ್ಸೆಗೆ ಗಟ್ಟಿ ಪುರಾವೆಯಿದೆ, ಸಿಟ್ಟು ಇಳಿಸಲು ಮಾಡಿದ್ದಕ್ಕೆ ಅಂಥದ್ದಿಲ್ಲ. ಎರಡೂ ಕೈ ಹಾಕುವುದು ಟೆಂಪೋರಲ್ ಲೋಬಿನ (ಕಿವಿಯ ಬಳಿಯ ಮಿದುಳಿನ ಭಾಗ) ಒಳಮಗ್ಗುಲಿನ ಅಮಿಗ್ಡಲಾಕ್ಕೇ ಆದ್ದರಿಂದ ಗೊಂದಲವಾಗುತ್ತದೆ.

ಮೊದಲು ಫಿಟ್ಸ್. ಸರಿಯಾಗಿ ಆರಿಸಿದ, ರೋಗಿಗೆ ಒಗ್ಗಿದ ಎರಡು ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ. ಆಗ ವಿಡಿಯೊ ಇಇಜಿ (ಫಿಟ್ಸ್‌ನ ಚಿತ್ರದ ಜೊತೆಗೇ ಮಿದುಳಿನ ವಿದ್ಯುತ್ತಿನ ದಾಖಲೆ), ಎಂಆರ್‌ಐ, ನೆನಪು ಮತ್ತು ಭಾಷೆಯ ಪರೀಕ್ಷೆ ಮಾಡುತ್ತಾರೆ. ಫಿಟ್ಸ್ ಹುಟ್ಟುವ ಜಾಗವೆಂದು ಇವೆಲ್ಲ ಒಂದೇ ಕಡೆಯನ್ನು ತೋರಿಸಬೇಕು; ತೋರಿಸದಿದ್ದರೆ ಮಿದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ನೋಡಬೇಕಾಗಬಹುದು. ಆ ಜಾಗ ಟೆಂಪೋರಲ್ ಲೋಬಿನಲ್ಲಿದ್ದು, ಅದು ಮಿದುಳಿನಲ್ಲಿ ಭಾಷೆಯಿರುವ ಬದಿಯಾದರೆ (ಹೆಚ್ಚಿನವರಲ್ಲಿ ಎಡ), ಲೋಬಿನ ಮುಂತುದಿಯಿಂದ ಸುಮಾರು 4–4.5 ಸೆಂ.ಮೀ. ತೆಗೆಯುತ್ತಾರೆ, ಇನ್ನೊಂದು ಬದಿಯಲ್ಲಿ ಸ್ವಲ್ಪ ಹೆಚ್ಚು. ಜೊತೆಗೆ ಅಮಿಗ್ಡಲಾ ಮತ್ತು ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ಮುಂಭಾಗ. ಇದೇ ಲೋಬೆಕ್ಟಮಿ. ಕೆನಡಾದಲ್ಲಿ 80 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಎಚ್ಚರ ಕೆಡಿಸುವ ಫಿಟ್ಸ್‌ನಿಂದ ಮುಕ್ತರಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 58%, ಬರೀ ಔಷಧಿಯ ಗುಂಪಿನಲ್ಲಿ 8%.

ತೊಂದರೆಗಳು: ದೃಷ್ಟಿಯ ನರತಂತುಗಳು ಲೋಬಿನೊಳಗೆ ಮುಂದಕ್ಕೆ ಬಾಗಿ ಹೋಗುವುದರಿಂದ ಅವು ತುಂಡಾದರೆ ಎದುರು ಬದಿಯ ನೋಟದ ಮೇಲುಭಾಗ ಕಾಣಿಸದು. ಭಾಷೆಯ ಬದಿಯಾದರೆ ಹೆಸರು, ಪದಗಳ ನೆನಪು ಕುಂದಬಹುದು. ಎರಡೂ ಬದಿಯ ಹಿಪೊಕ್ಯಾಂಪಸ್ ತೆಗೆಯಬಾರದು ಎಂಬ ಪಾಠ ಎಚ್.ಎಂ. ಎಂಬ ರೋಗಿಯಿಂದ ಬಂದದ್ದು: 1953ರಲ್ಲಿ ಫಿಟ್ಸ್‌ಗಾಗಿ ಎರಡೂ ಬದಿಗೆ ಮಾಡಿದ ಶಸ್ತ್ರಚಿಕಿತ್ಸೆಯ ನಂತರ ಆತನಲ್ಲಿ ಹೊಸ ಘಟನೆಗಳ ನೆನಪು ಉಳಿಯಲೇ ಇಲ್ಲ.

ಇನ್ನು ಸಿಟ್ಟು. ಜಪಾನಿನ ವೈದ್ಯ ನರಬಯಾಶಿ, ಸ್ಟೀರಿಯೋಟ್ಯಾಕ್ಟಿಕ್ ಚೌಕಟ್ಟಿನ (ತಲೆಗೆ ಬಿಗಿದು ಮಿದುಳಿನ ಆಳದ ಬಿಂದುವನ್ನು ಅಳೆದು ಗುರಿಯಿಡುವ ಸಾಧನ) ನೆರವಿನಿಂದ ಅಮಿಗ್ಡಲಾಕ್ಕೆ ಎಣ್ಣೆ-ಮೇಣದ ಮಿಶ್ರಣ ಚುಚ್ಚಿ ಅದನ್ನು ನಾಶಮಾಡಿದ ವರದಿ 1963ರದು. ಮದರಾಸಿನಲ್ಲಿ ಶಸ್ತ್ರವೈದ್ಯರಾದ ರಾಮಮೂರ್ತಿ ಮತ್ತು ಬಾಲಸುಬ್ರಮಣ್ಯಂ ಅದೇ ದಶಕದಲ್ಲಿ ಇದನ್ನು ಶುರುಮಾಡಿದರು; ರೋಗಿಗಳಲ್ಲಿ ಬುದ್ಧಿಮಾಂದ್ಯತೆಯಿರುವ, ಹತೋಟಿಗೆ ಸಿಗದ ಮಕ್ಕಳೂ ಇದ್ದರು. ಅಮೆರಿಕದ ಬೋಸ್ಟನ್ನಿನ ವೈದ್ಯರಾದ ಮಾರ್ಕ್ ಮತ್ತು ಎರ್ವಿನ್ ಎಲೆಕ್ಟ್ರೋಡ್ ಇಳಿಸಿ, ವಿದ್ಯುತ್ ಹಾಯಿಸಿ ಯಾವ ಬಿಂದುವಿನಲ್ಲಿ ಸಿಟ್ಟು ಕೆರಳುತ್ತದೆಂದು ಹುಡುಕಿ, ಅಲ್ಲಿ ಸುಟ್ಟರು. ವಾದ ದುರ್ಬಲವಾಗುವುದು ಇಲ್ಲೇ. ಒಂದು ಬಿಂದುವಿಗೆ ವಿದ್ಯುತ್ ಕೊಟ್ಟಾಗ ಸಿಟ್ಟು ಬಂತೆಂದರೆ, ಆ ಮನುಷ್ಯ ಮನೆಯಲ್ಲಿ ಹೊಡೆದಾಡುವುದು ಅಲ್ಲಿಂದಲೇ ಎಂದಾಗುವುದಿಲ್ಲ. ಫಿಟ್ಸ್‌ನಂತೆ ಇಇಜಿಯಲ್ಲಿ ಹಿಡಿಯಬಹುದಾದ ಮೂಲ ಹಿಂಸೆಗೆ ಸಾಮಾನ್ಯವಾಗಿ ಇರುವುದಿಲ್ಲ. ಮೇಲಾಗಿ ಅಂದಿನ ಬಹುತೇಕ ವರದಿಗಳಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇರಲಿಲ್ಲ.

ಹಾಗಾದರೆ ಫಿಟ್ಸ್‌ನಿಂದಲೇ ಹಿಂಸೆ ಬರುತ್ತದೆಯೇ? ಫಿಟ್ಸ್ ನಡೆಯುವಾಗ ಗುರಿಯಿಟ್ಟು ಹೊಡೆಯುವುದು ತೀರ ಅಪರೂಪ. ಹೆಚ್ಚಾಗಿ ಕಾಣುವುದು ಫಿಟ್ಸ್ ಮುಗಿದ ಮಬ್ಬಿನಲ್ಲಿ, ಯಾರಾದರೂ ಅದುಮಿ ಹಿಡಿದಾಗ ಬರುವ ಕೊಸರಾಟ. ಹಿಡಿಯಬೇಡಿ, ಸುತ್ತಲಿನ ಚೂಪು ವಸ್ತು ತೆಗೆದರೆ ಸಾಕು.

ಇನ್ನು ಕಾನೂನು. 1973ರಲ್ಲಿ ಅಮೆರಿಕದ ಮಿಷಿಗನ್ ನ್ಯಾಯಾಲಯವೊಂದು, ಕಾನೂನಿನ ಬಲದಿಂದ ಕೂಡಿಹಾಕಿದ ವ್ಯಕ್ತಿ ಸಿಟ್ಟು ಇಳಿಸುವ ಇಂಥ ಪ್ರಾಯೋಗಿಕ ಶಸ್ತ್ರಚಿಕಿತ್ಸೆಗೆ ನಿಜವಾದ ಒಪ್ಪಿಗೆ ಕೊಡಲಾರ ಎಂದಿತು. ನಮ್ಮಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 96ನೇ ಕಲಂ ಪ್ರಕಾರ ಮಾನಸಿಕ ಕಾಯಿಲೆಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ರೋಗಿ ಎಲ್ಲ ತಿಳಿದು ಕೊಟ್ಟ ಒಪ್ಪಿಗೆ, ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಎರಡೂ ಬೇಕು. ಮೂರ್ಛೆರೋಗಕ್ಕೆ ಮಾಡುವ ಲೋಬೆಕ್ಟಮಿ ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲ. ಅದಕ್ಕೆ ಈ ಕಲಂ ಹಚ್ಚಿ ಬರೆಯಬೇಡಿ.