ರಂಗನತಿಟ್ಟು: ಒಂದು ಕಟ್ಟೆ ಕೊಟ್ಟ ನಡುಗಡ್ಡೆ, ಇನ್ನೊಂದು ಕಟ್ಟೆ ತಡೆದ ಹೂಳು

ಮಂಡ್ಯ ಸೀಮೆಯಲ್ಲಿ ತಿಟ್ಟು ಎಂದರೆ ಸುತ್ತಲ ನೆಲಕ್ಕಿಂತ ಎದ್ದು ನಿಂತ ದಿಬ್ಬ. ಶ್ರೀರಂಗಪಟ್ಟಣದಿಂದ ಮೂರ್ನಾಲ್ಕು ಕಿಲೋಮೀಟರ್ ಮೇಲ್ಹೊಳೆಯ ಕಡೆ, ಕಾವೇರಿ ಅಗಲವಾಗಿ ಹರಡಿ ಕೆರೆಯಂತೆ ನಿಂತ ಜಾಗದಲ್ಲಿ ಇಂಥ ತಿಟ್ಟುಗಳ ಗುಂಪೊಂದಿದೆ. ಮುಖ್ಯವಾದವು ಆರು. ಹಳೆಯ ಲೆಕ್ಕದಲ್ಲಿ ಎಲ್ಲ ಸೇರಿ ಸುಮಾರು 40 ಎಕರೆ. ದೋಣಿ ಹತ್ತಿ ಬಂದವರು ಇದನ್ನು ಹೊಳೆ ತಾನಾಗಿಯೇ ಮಾಡಿಕೊಂಡ ದ್ವೀಪವೆಂದು ತಿಳಿಯುತ್ತಾರೆ. ಆದರೆ ಇದರ ಹುಟ್ಟಿಗೆ ಕಾರಣ ಮನುಷ್ಯರು ಕಟ್ಟಿದ ಕಟ್ಟೆ.

1645ರಿಂದ 1648ರ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ ಎದ್ದಿತು. ಕಾವೇರಿಯ ಹಳೆಯ ಕಲ್ಲುಕಟ್ಟೆಗಳು ಇಂದಿನ ಜಲಾಶಯಗಳಂತೆ ನೀರನ್ನು ಕೂಡಿಡುವುದಿಲ್ಲ. ನೀರಿನ ಮಟ್ಟವನ್ನು ಒಂದಷ್ಟು ಎತ್ತರಿಸಿ, ಪಕ್ಕದ ನಾಲೆಗೆ ಹರಿಸಿ, ಉಳಿದದ್ದನ್ನು ಮೈಮೇಲಿಂದ ಕೆಳಕ್ಕೆ ಬಿಡುತ್ತವೆ. ಅವುಗಳ ಕೆಲಸ ಅಷ್ಟೇ. ಮಟ್ಟ ಏರಿದಾಗ ಹಿಂದಿನ ತಗ್ಗು ನೆಲ ಮುಳುಗಿತು, ಬಂಡೆ ಮತ್ತು ದಿಬ್ಬಗಳ ನೆತ್ತಿ ಮಾತ್ರ ಉಳಿಯಿತು. ವೇಗ ಕಳೆದುಕೊಂಡ ನೀರು ಮರಳು, ಮೆಕ್ಕಲುಮಣ್ಣುಗಳನ್ನು ಆ ಬಂಡೆಗಳ ಮರೆಯಲ್ಲಿ ಇಳಿಸುತ್ತಾ ಹೋಯಿತು. ಮೊದಲು ಜೊಂಡು, ಆಮೇಲೆ ಕೇದಗೆ ಮತ್ತು ಬಿದಿರು, ಕೊನೆಗೆ ಹೊಳೆಮತ್ತಿ, ಹೊಂಗೆ. ಬೇರು ಹಿಡಿದ ಕಡೆ ಇನ್ನಷ್ಟು ಮಣ್ಣು ನಿಂತಿತು.

ಹಕ್ಕಿಗೆ ಬೇಕಾದದ್ದು ಇದೇ: ಸುತ್ತ ನೀರು, ನಡುವೆ ಮರ. ಬೆಕ್ಕು, ನಾಯಿ, ನರಿ ಈಜಿ ಬರುವುದು ಕಷ್ಟ. ಬಂದರೂ ನೀರಿನಲ್ಲಿ ಮೊಸಳೆಗಳಿವೆ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಈ ಜಾಗದ ಬೆಲೆಯನ್ನು ಗುರುತಿಸಿ ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಸುತ್ತಲಿನ ಹೊಳೆಯೂ ಸೇರಿ ಸುಮಾರು 518 ಹೆಕ್ಟೇರ್ ಪ್ರದೇಶಕ್ಕೆ ರಾಮ್ಸರ್ ಮನ್ನಣೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮನ್ನಣೆ, ಸಿಕ್ಕಿತು. ಕರ್ನಾಟಕಕ್ಕೆ ಅದೇ ಮೊದಲನೆಯದು.

ಈ ನಡುವೆ ಮೇಲ್ಗಡೆ ಇನ್ನೊಂದು ಕಟ್ಟೆ ಬಂದಿತ್ತು. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಕೃಷ್ಣರಾಜಸಾಗರಕ್ಕೆ 49 ಟಿಎಂಸಿ ನೀರು ಹಿಡಿಯುತ್ತದೆ. ಅದರಿಂದ ಹಕ್ಕಿಗಳಿಗೆ ಲಾಭವಾಗಿದೆ ಎನ್ನುವುದನ್ನು ಮೊದಲು ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಬಿದ್ದ ಮಂಡ್ಯದ ಭತ್ತದ ಗದ್ದೆಗಳು ಬಾಯ್ಕಳಕ ಕೊಕ್ಕರೆಗೆ ಬಸವನಹುಳುವಿನ ಕಣಜ. ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ತಿನ್ನುವ ಚಮಚದ ಕೊಕ್ಕಿನ ಹಕ್ಕಿಗೆ ಬೇಕಾದ ಮೊಣಕಾಲುದ್ದದ ನೀರು ಈ ಕಡೆಯ ಕೆರೆಯಂಚುಗಳಲ್ಲಿ ಸಿಗುತ್ತದೆ. ಗೂಡು ರಂಗನತಿಟ್ಟಿನಲ್ಲಿ, ಊಟ ಊರವರ ಗದ್ದೆಯಲ್ಲಿ. ಗದ್ದೆಗೆ ಹೊಡೆದ ವಿಷ ಮರಿಯ ಬಾಯಿಗೂ ಬರುತ್ತದೆ ಎನ್ನುವುದನ್ನು ಪಕ್ಷಿಧಾಮದ ಬೇಲಿಯೊಳಗಷ್ಟೇ ನೋಡುವವರು ಮರೆಯುತ್ತಾರೆ.

ನಷ್ಟ ಇರುವುದು ಮಣ್ಣಿನ ಲೆಕ್ಕದಲ್ಲಿ. ಮೊದಲು ಪ್ರತಿ ಮಳೆಗಾಲದ ಪ್ರವಾಹ ಒಂದು ಕಡೆ ಕೊರೆದರೂ ಇನ್ನೊಂದು ಕಡೆ ಹೂಳು ತಂದು ತುಂಬುತ್ತಿತ್ತು. ಈಗ ಹೂಳಿನ ಬಹುಪಾಲು ಜಲಾಶಯದ ತಳದಲ್ಲೇ ಕೂರುತ್ತದೆ. ಗೇಟಿನಿಂದ ಹೊರಬೀಳುವ ನೀರಿಗೆ ಹೊರೆ ಕಡಿಮೆ, ಸೆಳವು ಹೆಚ್ಚು. ಅದು ದಡದ ಮಣ್ಣನ್ನೇ ಎತ್ತಿಕೊಂಡು ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿದಾಗ ತಿಟ್ಟುಗಳು ಮುಳುಗಿ, ದೋಣಿವಿಹಾರ ನಿಂತಿತು. ಜನ ನೋಡಿದ್ದು ಮುಳುಗಡೆಯನ್ನು. ನಿಜವಾದ ಹಾನಿ ಕಾಣುವುದು ನೀರು ಇಳಿದ ಮೇಲೆ: ಅಂಚು ಕುಸಿದಿರುತ್ತದೆ, ಹೊಳೆಮತ್ತಿಯ ಬೇರು ಗಾಳಿಯಲ್ಲಿ ತೂಗುತ್ತಿರುತ್ತದೆ, ಮುಂದಿನ ವರ್ಷ ಆ ಮರ ಗೂಡುಗಳ ಸಮೇತ ಹೊಳೆಗೆ ಬೀಳುತ್ತದೆ.

ಇದಕ್ಕೆ ಇಲ್ಲಿ ಮಾಡಿಕೊಂಡು ಬಂದಿರುವ ಉಪಾಯ ಮರಳುಮೂಟೆ. ನೀರು ತಗ್ಗಿದಾಗ ಬುಡವನ್ನು ಬಂಡೆಯ ಮೇಲೋ ಗಟ್ಟಿ ನೆಲದ ಮೇಲೋ ಕೂರಿಸಬೇಕು. ಕೆಸರಿನ ಮೇಲಿಟ್ಟರೆ ಮೊದಲ ಪ್ರವಾಹಕ್ಕೇ ಬುಡ ಜಾರಿ ಸಾಲು ಪೂರ್ತಿ ಮಗುಚುತ್ತದೆ. ಮೂಟೆಯನ್ನು ಬಿಗಿಯಾಗಿ ತುಂಬದೆ ಮುಕ್ಕಾಲು ಪಾಲು ತುಂಬಿದರೆ ಒಂದರ ಮೇಲೊಂದು ಅಮರಿ ಕೂರುತ್ತವೆ. ಇಟ್ಟಿಗೆ ಗೋಡೆಯಂತೆ ಸಂದಿ ತಪ್ಪಿಸಿ, ಪ್ರತಿ ವರಸೆಯನ್ನೂ ಸ್ವಲ್ಪ ಒಳಕ್ಕೆ ಸರಿಸಿ ಮೆಟ್ಟಿಲಿನಂತೆ ಏರಿಸಬೇಕು. ಮೇಲ್ಹೊಳೆಯ ಕಡೆಯ ಮೂಗಿನ ಭಾಗಕ್ಕೆ ಪೆಟ್ಟು ಹೆಚ್ಚು, ಅಲ್ಲಿ ಎರಡು ಸಾಲು ಬೇಕು. ಆದರೆ ಪ್ಲಾಸ್ಟಿಕ್ ಮೂಟೆ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತದೆ. ಮರಳು ಸುರಿದು, ಚಿಂದಿ ಹೊಳೆ ಸೇರುತ್ತದೆ. ಆದ್ದರಿಂದ ಮೂಟೆಯನ್ನು ಗಿಡ ಬೇರು ಬಿಡುವವರೆಗಿನ ಆಸರೆಯೆಂದು ಮಾತ್ರ ಎಣಿಸಬೇಕು. ಅದರ ಹಿಂದೆಯೇ ನೀರಂಚಿಗೆ ಕೇದಗೆ, ಒಳಗೆ ಬಿದಿರು, ಇನ್ನೂ ಒಳಗೆ ಹೊಳೆಮತ್ತಿ ನೆಡಬೇಕು. ಕೇದಗೆಯ ಊರುಬೇರಿನಷ್ಟು ಚೆನ್ನಾಗಿ ಮಣ್ಣು ಹಿಡಿಯುವುದು ಇಲ್ಲಿ ಮತ್ತೊಂದಿಲ್ಲ. ಹಿಂದೆ ಇಲ್ಲಿ ನೀಲಗಿರಿಯನ್ನೂ ನೆಟ್ಟರು. ಅದು ತಪ್ಪು ಆಯ್ಕೆ. ನೆಟ್ಟಗೆ ಬೆಳೆಯುವ ಆ ಮರದಲ್ಲಿ ಕೊಕ್ಕರೆಯ ಗೂಡಿಗೆ ಬೇಕಾದ ಹರಡಿದ ಕೊಂಬೆ ಸಿಗುವುದಿಲ್ಲ.

ಉಳಿದದ್ದು ಜಲಾಶಯದ ಗೇಟು ತೆರೆಯುವ ಸಮಯ. ಬಣ್ಣದ ಕೊಕ್ಕರೆಗೆ ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಮೂರು ತಿಂಗಳು ಬೇಕು. ಜೂನ್ ಕೊನೆಗೂ ತಡವಾಗಿ ಕಟ್ಟಿದ ಗೂಡುಗಳಲ್ಲಿ ಮರಿಗಳಿರುತ್ತವೆ. ಆದರೂ ಅವು ಮರದ ಮೇಲಿವೆ, ಅಷ್ಟು ಸುಲಭವಾಗಿ ಮುಳುಗುವುದಿಲ್ಲ. ಹೆಚ್ಚು ಅಪಾಯದಲ್ಲಿರುವುದು ಹೊಳೆ ರೀವ (ರಿವರ್ ಟರ್ನ್) ಎಂಬ ನೀರಹಕ್ಕಿ. ಅದು ಬೇಸಿಗೆಯಲ್ಲಿ, ನೀರಿನಿಂದ ಒಂದೆರಡು ಅಡಿ ಮೇಲಿರುವ ಬರಿಯ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಕಾವು ಸುಮಾರು ಮೂರು ವಾರ. ಆ ಅವಧಿಯಲ್ಲಿ ಒಂದೇ ರಾತ್ರಿ ನೀರು ಅಷ್ಟು ಏರಿದರೂ ಬಂಡೆಯ ಮೇಲಿನ ಮೊಟ್ಟೆಗಳು ಬೆಳಗಾಗುವುದರಲ್ಲಿ ಇರುವುದಿಲ್ಲ. ಬೇಸಿಗೆಯಲ್ಲಿ ನೀರು ಬಿಡಲೇಬೇಕಾದರೆ ಗೂಡು ಕಟ್ಟುವುದಕ್ಕೆ ಮೊದಲೇ ಮಟ್ಟವನ್ನು ಏರಿಸಿ ಹಾಗೆಯೇ ಉಳಿಸಿಕೊಳ್ಳಬೇಕು. ಆಗ ಹಕ್ಕಿ ತಾನೇ ಇನ್ನೂ ಎತ್ತರದ ಬಂಡೆ ಹುಡುಕಿಕೊಳ್ಳುತ್ತದೆ.